ಅಪ್ಪನ ಕೋಟು

ನಮ್ಮ ಮನೆಯ ಪಡಸಾಲೆ ಗೋಡೆ ಮೇಲೆ ಅಪ್ಪ ಕೋಟು ಹಾಕಿಕೊಂಡಿದ್ದಾನೆ. ಕಪ್ಪು ಕೋಟು, ಬಿಳಿ ಅಂಗಿ, ಮರೂನ್ ಟೈ, ಹಿಂದೆ ತಿಳಿನೀಲಿ ಬಣ್ಣ. ಬದುಕಿದ್ದಷ್ಟು ದಿನ ಅಪ್ಪ ಕೋಟು ಹಾಕಿದ್ದನ್ನು ನಾನಂತೂ ಕಂಡಿಲ್ಲ. ಕೊಟ್ಟೂರಿನಲ್ಲಿ ಮಂಡಕ್ಕಿ-ಮಿರ್ಚಿ ಅಂಗಡಿ ನಡೆಸಿದ ಮನುಷ್ಯ ಅವನು. ನನ್ನ ನೆನಪಿನ ಅಪ್ಪ ಅಂದ್ರೆ ತೋಳಿಲ್ಲದ ಬನಿಯನ್ನು, ಹೆಗಲಿಗೊಂದು ಟವೆಲ್ಲು, ಮೊಣಕೈವರೆಗೂ ಕಡ್ಲೆ ಹಿಟ್ಟು, ಎಣ್ಣೆ ಹೊಗೆಗೆ ಸಣ್ಣಗಾದ ಕಣ್ಣು.

ಆ ಅಪ್ಪನ ಒಂದೇ ಒಂದು ಫೋಟೋ ನಮ್ಮ ಹತ್ರ ಇಲ್ಲ.

2021ರ ಮೇ ತಿಂಗಳಲ್ಲಿ ಅಪ್ಪ ಹೋದ. ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ಕಾಲ. ಶಿವಗಣಾರಾಧನೆಗೆ ಫೋಟೋ ಬೇಕಲ್ಲ ಅಂತ ಅಣ್ಣ, ಅತ್ತಿಗೆ, ನಾನು ಮೂವರೂ ಟ್ರಂಕು, ಬೀರು, ಮೊಬೈಲು ಎಲ್ಲ ಜಾಲಾಡಿದೆವು. ನನ್ನ ಫೋನಿನಲ್ಲಿ ಆಗ 11 ಸಾವಿರ ಚಿಲ್ಲರೆ ಫೋಟೋ ಇದ್ದವು. ಫಿಲ್ಟರ್ ಕಾಫಿ, ಆಫೀಸಿನ ಬರ್ತ್‌ಡೇ ಕೇಕು, ಚರ್ಚ್ ಸ್ಟ್ರೀಟಿನ ಮಳೆ, ವೈಟ್‌ಬೋರ್ಡಿನ ಮೇಲೆ ಯಾರೋ ಬರೆದ ಡಬ್ಬಿ ಮತ್ತು ಬಾಣದ ಗುರುತು. ಅಪ್ಪನವು 14. ಆ 14ರಲ್ಲೂ ಯಾರದೋ ಮದುವೆ, ಯಾರದೋ ಗೃಹಪ್ರವೇಶ. ಸಾಲಿನ ತುದಿಯಲ್ಲಿ ಕೈಕಟ್ಟಿ, ಉಸಿರು ಬಿಗಿಹಿಡಿದು ನಿಂತ ಒಬ್ಬ ಮನುಷ್ಯ. ಕೊನೆಗೆ ಅಂಥದ್ದೇ ಒಂದು ಗುಂಪಿನಿಂದ ಅಪ್ಪನ ಮುಖ ಕತ್ತರಿಸಿ ಅಣ್ಣ ಸ್ಟುಡಿಯೋದವನಿಗೆ ವಾಟ್ಸಾಪ್ ಮಾಡಿದ. ಅಪ್ಪನ ಹೆಗಲ ಮೇಲೆ ಪಕ್ಕದವರ ಕೈ ಇತ್ತು. ಅದನ್ನು ಮುಚ್ಚೋಕೆ ಕೋಟು ಬಂತು ಅಂತ ನಾನು ತಿಳಿದುಕೊಂಡೆ.

ಅವತ್ತೇ ತೀರ್ಮಾನ ಮಾಡಿದೆ: ಅವ್ವನ ವಿಷಯದಲ್ಲಿ ಹಿಂಗಾಗಬಾರದು. ಅವ್ವ ಇರೋ ಹಾಗೇ, ರೊಟ್ಟಿ ಬಡಿಯುವಾಗ, ಬೈಯುವಾಗ, ಅಕ್ಕಿ ಆರಿಸುವಾಗ ಫೋಟೋ ತೆಗೆದಿಟ್ಟುಕೊಳ್ಳಬೇಕು. ಕೇಳೋಕೆ ಒಳ್ಳೆಯ ತೀರ್ಮಾನ. ಅದರಲ್ಲೇ ಒಂದು ಐಬಿತ್ತು ಅಂತ ಗೊತ್ತಾಗೋಕೆ ಎರಡು ವರ್ಷ ಹಿಡೀತು.

ಮರುವರ್ಷ ಬೋನಸ್ ಬಂದಾಗ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಒಂದನ್ನು ಕೊಂಡೆ. ಜೊತೆಗೆ 18-55 ಕಿಟ್ ಲೆನ್ಸು, ಮತ್ತೆ ಯೂಟ್ಯೂಬಿನಲ್ಲಿ ಎಲ್ಲರೂ ಆಣೆ ಮಾಡಿ ಹೇಳ್ತಾರಲ್ಲ, ಆ 50 ಎಂಎಂ. ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತಿ, ಚಿತ್ರದುರ್ಗ ದಾಟಿ, ನಸುಕಿಗೆ ಕೂಡ್ಲಿಗಿಯಲ್ಲಿ ಇಳಿದೆ. ಕೊಟ್ಟೂರು ಬಸ್ಸಿಗೆ ಕಾಯ್ತಾ, ಎದುರಿಗೆ ಚಹಾ ಸೋಸುತ್ತಿದ್ದವರನ್ನು ಕೇಳಿ ಒಂದು ಫೋಟೋ ತೆಗೆದೆ. ‘ತಕ್ಕೋರಿ ಮೇಡಂ’ ಅಂದವರು ಮತ್ತೆ ತಲೆ ಎತ್ತಲಿಲ್ಲ, ಸೋಸ್ತಾನೇ ಇದ್ದರು. ಹಬೆ, ಹಳದಿ ಬಲ್ಬು, ಬಾಗಿದ ಮುಖ. ಚೆನ್ನಾಗೇ ಬಂತು. ಇಷ್ಟೇನಾ ಫೋಟೋಗ್ರಫಿ ಅಂದ್ರೆ ಅನ್ನಿಸಿಬಿಡ್ತು.

ಮನೆಗೆ ಹೋದಾಗ ಅವ್ವ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡೀತಿದ್ಲು. ಒಂದೇ ಒಂದು ಸಣ್ಣ ಕಿಟಕಿ ಇರೋ ಅಡುಗೆಮನೆ. ನಾನು ಬಾಗಿಲಲ್ಲಿ ನಿಂತು ಕ್ಯಾಮೆರಾ ಎತ್ತಿದೆ. ಆಟೋ ಮೋಡಿನಲ್ಲಿಟ್ಟಿದ್ದೆ. ಕತ್ತಲು ಕಂಡ ತಕ್ಷಣ ಫ್ಲ್ಯಾಶು ತಾನಾಗಿ ತಲೆ ಎತ್ತಿ ಪಟಪಟ ಮಿಂಚಿತು. ಅವ್ವ ಬೆಚ್ಚಿಬಿದ್ಲು.

‘ಯವ್ವಾ! ಸೀರಿ ನೋಡು ಹೆಂಗೈತಿ. ತಡಿ.’

ಹಂಚಿನ ಮೇಲಿನ ರೊಟ್ಟಿ ಸೀದು ಹೋಯ್ತು. ಅವ್ವ ಕೈ ತೊಳೆದು, ಸೀರೆ ಬದಲಾಯಿಸಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಕವರ್ ಹಾಕಿದ ಫ್ರಿಜ್ಜಿನ ಪಕ್ಕ ಬಂದು ನಿಂತ್ಲು. ‘ಹ್ಞಾಂ, ಹೊಡಿ ಈಗ.’

‘ಅವ್ವಾ, ನೀ ಹಂಗೆಲ್ಲ ನಿಲ್ಲಬ್ಯಾಡ. ರೊಟ್ಟಿ ಬಡಿ. ನಾನು ಇಲ್ಲೇ ಇಲ್ಲ ಅಂದ್ಕೊ.’

‘ಇದ್ದಾಕಿನ್ನ ಇಲ್ಲ ಅಂತ ಹೆಂಗ ಅಂದ್ಕೊಳ್ಳಲಿ?’

ಎರಡು ದಿನದಲ್ಲಿ 260 ಫೋಟೋ ತೆಗೆದೆ. ಬೆಂಗಳೂರಿಗೆ ಬಂದು ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಅರ್ಧಕ್ಕರ್ಧ ಕೈ ಅಲುಗಾಡಿ ಮಸುಕು. ಉಳಿದವುಗಳಲ್ಲಿ ಕ್ಲಿಕ್ ಯಾವಾಗ ಆಗತೈತೋ ಅಂತ ಕಾಯ್ತಿರೋ ಒಬ್ಬ ಹೆಂಗಸು. ಅಕ್ಕಿ ಆರಿಸೋ ನಟನೆ, ನೀರು ತುಂಬೋ ನಟನೆ. ಎಲ್ಲದರಲ್ಲೂ ಅಪ್ಪನದೇ ಆ ಬಿಗಿಹಿಡಿದ ಉಸಿರು. ‘ಸಹಜವಾಗಿರು’ ಅನ್ನೋದು ಯಾರಿಂದಲೂ ಪಾಲಿಸೋಕೆ ಆಗದ ಆರ್ಡರು. ಮ್ಯಾನೇಜರ್ ನಿಮ್ಮ ಹಿಂದೆ ಬಂದು ನಿಂತು ‘ನಾನಿಲ್ಲ ಅಂದ್ಕೊಂಡು ಕೋಡ್ ಬರೀರಿ’ ಅಂದ್ರೆ ಹೆಂಗಿರುತ್ತೆ ಯೋಚಿಸಿ.

ತಪ್ಪು ಅವ್ವಂದಲ್ಲ. ಅವ್ವನ ಮದುವೆಯಲ್ಲಿ ಯಾರೋ ನೆಂಟರು ತಂದಿದ್ದು ಆಗ್ಫಾ ಕ್ಲಿಕ್-3 ಅನ್ನೋ ಡಬ್ಬಿ ಕ್ಯಾಮೆರಾ. ರೋಲಿಗೆ 12 ಫೋಟೋ, ಅಷ್ಟೇ. ಒಬ್ಬರು ಕಣ್ಣು ಮುಚ್ಚಿದರೂ ಆ 12ರಲ್ಲಿ ಒಂದು ದಂಡ. ಹಾಗಾಗಿ ಅಲುಗಾಡದೆ ನಿಲ್ಲೋದು ಅಂದ್ರೆ ಇನ್ನೊಬ್ಬರ ದುಡ್ಡಿಗೆ ಕೊಡೋ ಮರ್ಯಾದೆ. ಇನ್ನೂ ಹಿಂದಕ್ಕೆ ಹೋಗಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಕಂಪನಿ ಸೇನೆಯ ಅಧಿಕಾರಿ ಹಂಪಿಗೆ ಬಂದು ಫೋಟೋ ತೆಗೆದ. ನಮ್ಮ ಸೀಮೆಯ ಅತಿ ಹಳೆಯ ಫೋಟೋಗಳು ಅವು. ಮೇಣ ಸವರಿದ ಕಾಗದವೇ ನೆಗೆಟಿವ್ವು. ಅದರ ಮೇಲೆ ಚಿತ್ರ ಮೂಡೋಕೆ ನಿಮಿಷಗಟ್ಟಲೆ ಬೆಳಕು ಬೀಳಬೇಕಿತ್ತು. ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರ ಇತ್ತು ಅನ್ನೋದಕ್ಕೆ ಇವತ್ತಿಗೂ ಆ ಫೋಟೋನೇ ಸಾಕ್ಷಿ. ಕಲ್ಲು, ಇಟ್ಟಿಗೆ, ಕಂಬ ಎಲ್ಲ ಚೊಕ್ಕವಾಗಿ ಮೂಡಿವೆ. ಆದರೆ ಎದುರಿಗೆ ಯಾರಾದರೂ ನಡೆದುಹೋಗಿದ್ದರೆ ಅವರ ಗುರುತು ಕಾಗದದ ಮೇಲೆ ಉಳಿಯೋ ಹಾಗಿರಲಿಲ್ಲ. ಫೋಟೋಕ್ಕೆ ಬರಬೇಕು ಅಂದ್ರೆ ಕಲ್ಲಾಗಬೇಕು. ಆ ಪಾಠ ನಮ್ಮ ಅಜ್ಜ-ಅಜ್ಜಿಯರಿಗೆ, ಅವ್ವ-ಅಪ್ಪಗಳಿಗೆ ಸ್ಟುಡಿಯೋಗಳ ಮೂಲಕ ಬಂದಿದೆ. ನಾನು ಒಂದು ವಾರಾಂತ್ಯದಲ್ಲಿ ಅದನ್ನು ಮರೆಸೋಕೆ ಹೊರಟಿದ್ದೆ.

ಹಂಗಾದ್ರೆ ಕಸುಬು ಬಲ್ಲವರು ಏನು ಮಾಡ್ತಾರೆ ಅಂತ ನೋಡೋ ಅವಕಾಶ ಆ ಬೇಸಿಗೆಯಲ್ಲೇ ಸಿಕ್ತು. ಹರಪನಹಳ್ಳಿಯಲ್ಲಿ ನೆಂಟರ ಮದುವೆ. ಹರಪನಹಳ್ಳಿ ಅಂದ್ರೆ ಗೊತ್ತಲ್ಲ, ಇದ್ದ ಜಾಗದಿಂದ ಕದಲದೆ ಮೂರು ಜಿಲ್ಲೆ ಕಂಡ ಊರು: ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಮದುವೆಗೆ ‘ಕ್ಯಾಂಡಿಡ್ ಪ್ಯಾಕೇಜು’ ಹೇಳಿದ್ದರು. ಒಬ್ಬ ಹುಡುಗ ಡ್ರೋನು ಹಾರಿಸ್ತಿದ್ದ, ಇನ್ನೊಬ್ಬ ಮದುಮಗಳ ಅವ್ವನ ಮುಂದೆ ಮೊಣಕಾಲೂರಿ ಕೂತಿದ್ದ. ‘ಆಂಟಿ, ಮಗಳ ಕಡಿ ನೋಡ್ರಿ. ಹಂಗಲ್ಲ, ಕ್ಯಾಂಡಿಡ್ ಆಗಿ ನೋಡ್ರಿ. ಕಣ್ಣಾಗ ಸ್ವಲ್ಪ ನೀರು ಬಂದ್ರ ಛಲೋ.’ ಆಕೆ ಕಕ್ಕಾಬಿಕ್ಕಿಯಾಗಿ ಅವನ ಮುಖ ನೋಡಿದ್ರು. ನಾನು ಮುಸಿಮುಸಿ ನಕ್ಕೆ. ಆಮೇಲೆ ಬಸ್ಸಿನಲ್ಲಿ ಕೂತಾಗ ಹೊಳೀತು, ‘ನಾನು ಇಲ್ಲೇ ಇಲ್ಲ ಅಂದ್ಕೊ’ ಅಂತ ಅವ್ವನಿಗೆ ಹೇಳಿದ್ದೂ ಇದೇ ತಾನೇ?

ಮೊದಲ ಒಳ್ಳೆಯ ಫೋಟೋ ಸಿಕ್ಕಿದ್ದು ಹಡಗಲಿಯಲ್ಲಿ, ನಾನು ಫೋಟೋ ತೆಗೆಯೋದನ್ನ ಮರೆತಿದ್ದಾಗ.

ಹಡಗಲಿಯಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ. ಊರ ಹೆಸರಲ್ಲೇ ಹೂವಿದೆ, ಹೂವಿನಹಡಗಲಿ. ಹಡಗಲಿ ಮಲ್ಲಿಗೆಗೆ ಜಿಐ ಟ್ಯಾಗೂ ಸಿಕ್ಕಿದೆ, ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಸಾಲಿನಲ್ಲಿ. ಮೊಗ್ಗು ಅರಳುವ ಮೊದಲೇ ಬಿಡಿಸಬೇಕು, ಅರಳುವ ಮೊದಲೇ ಕಟ್ಟಿ ಕಳಿಸಬೇಕು. ನಾನು ಹೋದಾಗ ಪಡಸಾಲೆಯಲ್ಲಿ ಗೋಣಿಚೀಲದ ಮೇಲೆ ಮೊಗ್ಗಿನ ರಾಶಿ, ಸುತ್ತ ನಾಲ್ಕು ಹೆಂಗಸರು. ನಾನು ಬ್ಯಾಗಿನಿಂದ ಕ್ಯಾಮೆರಾ ತೆಗೆದೆನೋ ಇಲ್ಲವೋ, ದೊಡ್ಡವ್ವ ‘ಅದನ್ನ ಕೆಳಗಿಡು. ಕೈ ಖಾಲಿ ಅದಾವಲ್ಲ, ಕಟ್ಟಾಕ ಬಾ’ ಅಂದ್ಲು.

ಕೂತೆ. ನನ್ನ ಕೈಯಲ್ಲಿ ದಾರ ಸಿಕ್ಕುಗಟ್ತು, ಮೊಗ್ಗು ಉದುರಿದವು. ಅವರು ಮಾರುಗಟ್ಟಲೆ ಕಟ್ಟೋ ಹೊತ್ತಿಗೆ ನಂದು ಗೇಣುದ್ದ. ‘ಕಂಪ್ಯೂಟರ್ ಕುಟ್ಟೋ ಕೈ ಅದು, ಹೂವಿಗೆ ಬರಂಗಿಲ್ಲ’ ಅಂತ ಒಬ್ಬರು ಅಂದ್ರೆ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಒಂದು ತಾಸು ಕಳೀತು. ಯಾರದೋ ಸೊಸೆ, ಯಾರದೋ ಜಮೀನು, ಯಾರದೋ ಬಸಿರು ಎಲ್ಲ ಮಾತು ಬಂದು ಹೋದವು. ತೊಡೆ ಮೇಲೆ ಕ್ಯಾಮೆರಾ ಇರೋದು ಅವರಿಗೂ ಮರೆತಿತ್ತು, ನನಗೂ. ಬೆರಳು ನೋವು ಬಂದಾಗ ದಾರ ಬಿಟ್ಟು, ಕೂತಲ್ಲಿಂದಲೇ ನಾಲ್ಕೈದು ತೆಗೆದೆ. ದೊಡ್ಡವ್ವ ಒಂದು ಸಲ ನೋಡಿದ್ಲು, ಮತ್ತೆ ಮಾತು ಮುಂದುವರಿಸಿದ್ಲು. ಕೈಗೆ ಕೆಲಸ ಇತ್ತು, ಬಾಯಿಗೆ ಮಾತಿತ್ತು. ನನಗಾಗಿ ಕೊಡೋಕೆ ಅವಳ ಹತ್ರ ಮುಖ ಖಾಲಿ ಇರಲಿಲ್ಲ.

ನನ್ನ ಹಾಗೆ ಹೊಸದಾಗಿ ಕಲಿಯೋರಿಗೆ ಅವತ್ತು ಕಲಿತಿದ್ದನ್ನು ಇಲ್ಲೇ ಹೇಳಿಬಿಡ್ತೀನಿ. ಫ್ಲ್ಯಾಶ್ ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ. ನಮ್ಮ ಕಡೆ ಮನೆಗಳಲ್ಲಿ ಬೆಳಕು ಬರೋದು ಮುಂಬಾಗಿಲಿಂದ. ನೀವು ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತರೆ ಆ ಬೆಳಕು ಎದುರಿಗಿನವರ ಮುಖದ ಮೇಲೆ ಬೀಳುತ್ತೆ. ಕತ್ತಲಿದ್ದರೆ ಐಎಸ್‌ಒ 1600, 3200ಕ್ಕೆ ಏರಿಸಿ. ಸ್ವಲ್ಪ ಕಾಳು ಕಾಳಾಗಿ ಬರುತ್ತೆ, ಬರಲಿ. ಕೂತವರಿಗೆ ಶಟರ್ 1/125 ಸಾಕು, ಹೂ ಕಟ್ಟೋ ಕೈಗೆ, ರೊಟ್ಟಿ ಬಡಿಯೋ ಕೈಗೆ 1/250 ಬೇಕು. 50 ಎಂಎಂ ಒಳ್ಳೆಯ ಲೆನ್ಸೇ, ಆದರೆ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಅದು 80ರ ಹಾಗೆ ನೋಡುತ್ತೆ. ನಮ್ಮ ಅಡುಗೆಮನೆಯಲ್ಲಿ ಹಿಂದೆ ಸರೀತಾ ಸರೀತಾ ನನ್ನ ಬೆನ್ನು ಗೋಡೆಗೆ ತಾಗಿದರೂ ಅವ್ವನ ಮೂಗು ಮಾತ್ರ ಕಾಣ್ತಿತ್ತು. ಕಿಟ್ ಲೆನ್ಸಿನ 24ರ ಆಸುಪಾಸು ಸಾಕು. ಮೊಬೈಲಾದರೆ ಇನ್ನೂ ವಾಸಿ. ಮತ್ತೆ, ಅವರು ನೆಲದ ಮೇಲೆ ಕೂತಿದ್ದರೆ ನೀವೂ ನೆಲದ ಮೇಲೆ ಕೂರಿ. ನಿಂತು ತೆಗೆದ ಫೋಟೋದಲ್ಲಿ ಎಲ್ಲರ ಬೈತಲೆಯೇ ಬರುತ್ತೆ.

ಜಾಕ್ ಆನ್ರಿ ಲಾರ್ಟಿಗ್ ಅಂತ ಒಬ್ಬ ಫ್ರೆಂಚ್ ಹುಡುಗ ಇದ್ದ. ಏಳೆಂಟು ವರ್ಷದವನಿದ್ದಾಗ, 1900ರ ಆಜುಬಾಜು, ಅವನಪ್ಪ ಕ್ಯಾಮೆರಾ ಕೊಡಿಸಿದ. ಅಣ್ಣ ಗ್ಲೈಡರ್ ಹಾರಿಸೋದು, ನೆಂಟರು ನೀರಿಗೆ ಹಾರೋದು ಎಲ್ಲ ತೆಗೆದ. 1963ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಪ್ರದರ್ಶನ ಆದಾಗ ಜನ ಬೆರಗಾದರು. ಆ ಫೋಟೋಗಳನ್ನು ನೋಡಿದ್ರೆ ನನಗೆ ಅನಿಸೋದು ಇಷ್ಟು: ಅವನು ಆಟ ನೋಡೋಕೆ ಬಂದವನಲ್ಲ, ಆ ಆಟದಲ್ಲಿದ್ದವನು. ಹಡಗಲಿಯ ಪಡಸಾಲೆಯಲ್ಲಿ ಒಂದು ತಾಸಿನ ಮಟ್ಟಿಗೆ ನಾನೂ ಹಾಗೇ ಇದ್ದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ 2023ರ ಜನವರಿಯಲ್ಲಿ ಚಿಗವ್ವನ ಮಗ ನನ್ನನ್ನು ಅಂಕಸಮುದ್ರಕ್ಕೆ ಕರ್ಕೊಂಡು ಹೋದ. ಹಗರಿಬೊಮ್ಮನಹಳ್ಳಿ ಹತ್ತಿರದ ಕೆರೆ ಅದು. ಮುಂದೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಕೆರೆಯೊಳಗಿನ ಜಾಲಿ ಮರಗಳ ತುಂಬ ಹಕ್ಕಿ. ದಂಡೆ ಮೇಲೆ ಮೊಳಕೈಯುದ್ದದ ಲೆನ್ಸು ಹಿಡಿದ ನಾಲ್ಕು ಜನ, ಮಣ್ಣಿನ ಬಣ್ಣದ ಬಟ್ಟೆ, ಪಿಸುಮಾತು. ‘ಹಕ್ಕಿಗೆ ನಾವಿದ್ದೀವಿ ಅಂತ ಗೊತ್ತಾಗಬಾರದು. ಗೊತ್ತಾಯ್ತೋ, ಅದರ ನಡವಳಿಕೆಯೇ ಬದಲಾಗುತ್ತೆ’ ಅಂದ್ರು ಒಬ್ಬರು. ನನಗೆ ಸಾಕ್ಷಾತ್ಕಾರ ಆದ ಹಾಗಾಯ್ತು.

ಮುಂದಿನ ತಿಂಗಳು ಕೊಟ್ಟೂರೇಶ್ವರ ತೇರು. ಯಾವ್ಯಾವ ಊರಿಂದಲೋ ಜನ ಪಾದಯಾತ್ರೆಯಲ್ಲಿ ಬರ್ತಾರೆ, ರಸ್ತೆ ಉದ್ದಕ್ಕೂ ಅನ್ನ, ಮಜ್ಜಿಗೆ. ನಮ್ಮ ಅಂಗಡಿಗೆ ವರ್ಷದ ದುಡಿಮೆ ಆಗೋದೂ ಆ ನಾಲ್ಕು ದಿನದಲ್ಲೇ. ಊರೆಲ್ಲ ಮೊಬೈಲ್ ಎತ್ತಿ ತೇರಿನ ದಾರಿ ಕಾಯ್ತಿದ್ದರೆ ನಾನು ಮನೆಯಲ್ಲಿದ್ದೆ. ಮಧ್ಯಾಹ್ನ ಒಂದು ಗಳಿಗೆ ಪುರುಸೊತ್ತು ಸಿಕ್ಕಾಗ ಅವ್ವ ಎರೆದುಕೊಂಡು ಬಂದು ಪಡಸಾಲೆ ಹೊಸ್ತಿಲ ಮೇಲೆ ಕೂತಳು. ಹಳೇ ಸೀರೆ, ಭುಜದ ಹತ್ರ ಹೊಲಿಗೆ ಬಿಟ್ಟ ಕುಪ್ಪಸ. ಬಿಚ್ಚಿದ ಕೂದಲು ಇಷ್ಟು ತೆಳ್ಳಗಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಗೋಡೆ ಮೇಲಿನ ಅಪ್ಪನ ಕಡೆ ನೋಡ್ತಾ ಏನೋ ಹೇಳ್ತಿದ್ಲು. ಈರುಳ್ಳಿ ಸಾಲದು ಅಂತಲೋ, ಗ್ಯಾಸು ಮುಗೀತು ಅಂತಲೋ. ನಾನು ಒಳಕೋಣೆಯ ಪರದೆ ಹಿಂದೆ ನಿಂತು, ಲೆನ್ಸನ್ನು 55ಕ್ಕೆ ಎಳೆದು, ಉಸಿರು ಬಿಗಿಹಿಡಿದು ಒತ್ತಿದೆ.

ನಾನು ತೆಗೆದದ್ದರಲ್ಲೇ ಅದ್ಭುತವಾದ ಫೋಟೋ. ಬೆಳಕು, ಮುಖ, ಹಿಂದೆ ಕೋಟಿನ ಅಪ್ಪ. ಸಂಜೆ ‘ನಮ್ಮ ಮನೆತನ’ ವಾಟ್ಸಾಪ್ ಗ್ರೂಪಿಗೆ ಹಾಕಿದೆ. 40 ಹಾರ್ಟು ಬಂದವು. ‘ಸೂಪರ್’, ‘ಕಣ್ಣಲ್ಲಿ ನೀರು ಬಂತು’, ‘ಅವಾರ್ಡ್‌ಗೆ ಕಳಿಸು’.

ಅವ್ವನಿಗೆ ಅದನ್ನು ತೋರಿಸಿದ್ದು ತೇರಿಗೆ ಅಂತ ಬಂದಿದ್ದ ನೆಂಟರ ಹುಡುಗ. ಅವತ್ತೆಲ್ಲ ಅವ್ವ ಏನೂ ಅನ್ನಲಿಲ್ಲ. ತೇರು ಎಳೆದು, ಅಂಗಡಿ ಮುಚ್ಚಿ, ರಾತ್ರಿ ಹನ್ನೊಂದರ ಮೇಲೆ ಹಿತ್ತಲಲ್ಲಿ ಇಬ್ಬರೂ ಬಾಣಲೆ ತಿಕ್ಕುತ್ತಿದ್ದಾಗ ಕೇಳಿದ್ಲು.

‘ಅದನ್ನ ಯಾರ್ಯಾರು ನೋಡ್ಯಾರ?’

‘ನಮ್ಮೋರೇ ಅವ್ವಾ. ಗ್ರೂಪಿನಾಗಿರೋರು.’

‘ತಲಿ ಬಿಚ್ಚಿಕೊಂಡು ಕುಂತಿದ್ದೆ. ಕುಪ್ಪಸ ಹರಿದಿತ್ತು.’

‘ಭಾಳ ಚಂದ ಬಂದೈತಿ, ನೀ ನೋಡಿಲ್ಲ ಸರಿಯಾಗಿ.’

‘ಚಂದ ಬಂದೈತಿ ಅಂತ ನೀ ಅಂತಿ. ನನ್ನ ಕೇಳಿದ್ಯಾ?’

ನಾನು ಸುಮ್ಮನಾದೆ. ಅವ್ವ ಬೂದಿ ಹಾಕಿ ತಿಕ್ತಾನೇ ಇದ್ಲು. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೇ ಅಂದ್ಲು: ‘ನನಗೂ ತಿಳೀತೈತಿ ಬೇ. ಆ ಕ್ಯಾಮೆರಾ ತಂದಾಗಿಂದ ನೀ ನನ್ನ ಹಂಗ ನೋಡ್ತಿ. ಗೋಡಿ ಮ್ಯಾಲೆ ಹಾಕಾಕ ಯಾವುದಾದೀತು ಅಂತ ಆರಿಸೋರಂಗ. ನಾನಿನ್ನಾ ಅದೀನಿ.’

ಎದೆಗೆ ಒದ್ದ ಹಾಗಾಯ್ತು. ಯಾಕಂದ್ರೆ ಅದು ನಿಜ. ನಾನು ಅವ್ವನನ್ನು ನೋಡ್ತಿದ್ದದ್ದು ಅವ್ವ ಇಲ್ಲದ ದಿನದಿಂದ. ಅವಳು ಬಿಗಿಯಾಗಿ ನಿಲ್ಲುತ್ತಿದ್ದದ್ದು ಕ್ಯಾಮೆರಾಕ್ಕೆ ಹೆದರಿ ಅಂತ ನಾನಂದುಕೊಂಡಿದ್ದೆ. ನನ್ನ ಮುಖದಲ್ಲಿದ್ದ ಹೆದರಿಕೆ ಅವಳಿಗೆ ಕಾಣ್ತಿತ್ತು.

‘ಅಪ್ಪಂದು ಹಂಗಾತಲ್ಲ ಅವ್ವಾ, ಅದಕ್ಕ’ ಅಂದೆ. ಗಂಟಲು ಕಟ್ಟಿತ್ತು. ‘ಒಂದು ಫೋಟೋ ಇರಲಿಲ್ಲ. ಯಾರದೋ ಕೋಟು ಹಾಕಿಸಿ ಗೋಡಿಗೆ...’

‘ಕೋಟಿಗೇನಾಗೈತಿ?’

‘ಅಪ್ಪ ಕೋಟು ಹಾಕ್ತಿದ್ನೇನು?’

‘ನಾನಾ ಹೇಳಿದ್ದು ನಿಮ್ಮಣ್ಣಗ, ಕೋಟು ಇರೋದು ಮಾಡಿಸು ಅಂತ.’ ಅವ್ವ ಬಾಣಲೆ ಮಗುಚಿಟ್ಟು ನನ್ನ ಕಡೆ ತಿರುಗಿದ್ಲು. ‘35 ವರ್ಷ ಆ ಎಣ್ಣಿ ಬನಿಯನ್ ಒಗದಾಕಿ ನಾನು. ಎಷ್ಟು ಸೋಪು ಹಚ್ಚಿದ್ರೂ ಜಿಡ್ಡು ಹೋಗ್ತಿರಲಿಲ್ಲ. ಗೋಡಿ ಮ್ಯಾಲೂ ಬನಿಯನ್ನೇ ಹಾಕ್ಕೊಂಡು ನಿಲ್ಲಬೇಕೇನು ನಿಮ್ಮಪ್ಪ?’

ಅವತ್ತು ರಾತ್ರಿಯೇ ಗ್ರೂಪಿನಿಂದ ಆ ಫೋಟೋ ಅಳಿಸಿದೆ. ‘ಯಾಕೆ ತೆಗೆದ್ರಿ?’ ಅಂತ ಮೂವರು ಕೇಳಿದ್ರು. ಉತ್ತರ ಕೊಡಲಿಲ್ಲ. ಕಾರ್ಡಿನಲ್ಲಿದ್ದದ್ದನ್ನು ಬೆಳಿಗ್ಗೆ ಅವ್ವನಿಗೆ ತೋರಿಸಿ ಕೇಳಿದೆ. ಬಹಳ ಹೊತ್ತು ನೋಡಿದಳು. ‘ಕೂದಲ ನೋಡು ಎಷ್ಟ ಉದುರ್ಯಾವ’ ಅಂದ್ಲು. ಆಮೇಲೆ, ‘ಅಳಿಸು’. ಅಳಿಸಿದೆ. ಈಗಲೂ ಕಣ್ಣು ಮುಚ್ಚಿದರೆ ಆ ಫೋಟೋ ಕಾಣುತ್ತೆ. ಹೊಟ್ಟೆ ಉರಿದಿಲ್ಲ ಅಂದ್ರೆ ಸುಳ್ಳಾಗುತ್ತೆ.

ಆಮೇಲಿಂದ ನಮ್ಮಿಬ್ಬರಿಗೆ ಒಂದು ಒಪ್ಪಂದ. ಊರಿಗೆ ಹೋದ ಮೊದಲ ದಿನ ಕ್ಯಾಮೆರಾ ಬ್ಯಾಗಿನಿಂದ ಹೊರಗೆ ಬರೋದಿಲ್ಲ. ಅವತ್ತು ಬರೀ ಊಟ, ಜಗಳ, ನಿದ್ದೆ. ಎರಡನೇ ದಿನದಿಂದ ಅದು ಫ್ರಿಜ್ಜಿನ ಮೇಲೆ ಇರುತ್ತೆ, ಎಲ್ಲರ ಕಣ್ಣಿಗೆ ಕಾಣೋ ಹಾಗೆ. ಅವ್ವ ‘ಈಗ ಬ್ಯಾಡ’ ಅಂದ್ರೆ ಬ್ಯಾಡ. ರಾತ್ರಿ ಊಟ ಆದ ಮೇಲೆ ಅವತ್ತಿನವೆಲ್ಲ ಕೂತು ನೋಡ್ತೀವಿ. ಅವ್ವ ‘ಇದು ಇರಲಿ, ಇದು ತಗಿ’ ಅಂತಾಳೆ. ಮೊದಮೊದಲು ಹತ್ತರಲ್ಲಿ ಒಂಬತ್ತು ತೆಗೆಸಿದ್ಲು. ಈಗೀಗ ಐದಾರು ಉಳೀತವೆ. ವಿಚಿತ್ರ ಅಂದ್ರೆ, ಯಾವಾಗ ಬೇಕಾದರೂ ಬೇಡ ಅನ್ನಬಹುದು ಅಂತ ಗೊತ್ತಾದ ಮೇಲೆ ಅವ್ವ ಕ್ಯಾಮೆರಾ ಕಡೆ ನೋಡೋದನ್ನೇ ಬಿಟ್ಟಳು. ನಾನು ಎದುರಿಗೇ ನಿಂತಿರ್ತೀನಿ. ಅವಳು ರೊಟ್ಟಿ ಬಡೀತಾಳೆ, ನಡುನಡುವೆ ‘ಉಪ್ಪು ಕೊಡು’ ಅಂತಾಳೆ. ನಾನು ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಇನ್ನೊಂದರಲ್ಲಿ ಉಪ್ಪಿನ ಡಬ್ಬಿ ಕೊಡ್ತೀನಿ.

ಅಣ್ಣನ ಮಗಳಿಗೆ ಆಗ ಐದು ವರ್ಷ. ‘ಅತ್ತೀ, ನಂಗೂ’ ಅಂತ ಒಂದಿನ ಹಟ ಹಿಡಿದಾಗ ಪಟ್ಟಿಯನ್ನು ಅವಳ ಕುತ್ತಿಗೆಗೆ ಹಾಕಿ ಕೊಟ್ಟುಬಿಟ್ಟೆ. ಅವಳು ತೆಗೆದ ಮೂವತ್ತರಲ್ಲಿ ಇಪ್ಪತ್ತು ನೆಲ, ಚಪ್ಪಲಿ, ಬೆಕ್ಕಿನ ಬಾಲ. ಒಂದರಲ್ಲಿ ಅವ್ವ ಮತ್ತು ನಾನು ಬೆಳ್ಳುಳ್ಳಿ ಸುಲೀತಾ ಕೂತಿದ್ದೀವಿ. ಅವ್ವ ‘ಬಿದ್ದೀತು, ಬಿದ್ದೀತು’ ಅಂತ ಕೈ ಚಾಚಿ ಕೂಗ್ತಿದ್ದಾಳೆ, ನಾನು ಬಾಯಿ ತೆರೆದು ನಗ್ತಿದ್ದೀನಿ. ಸ್ವಲ್ಪ ಓರೆ, ಅವ್ವನ ಕೈ ಮಸುಕು. ದೊಡ್ಡವಳಾದ ಮೇಲೆ ಅವ್ವ ಮತ್ತು ನಾನು ಇಬ್ಬರೇ ಇರೋ ಮೊದಲ ಫೋಟೋ ಅದು. ನಾನು ಅಷ್ಟು ದಿನ ಕ್ಯಾಮೆರಾ ಹಿಂದೆಯೇ ಇದ್ದೆನಲ್ಲ.

2024ರ ಬೇಸಿಗೆಯಲ್ಲಿ ಅವ್ವನನ್ನು ಕರ್ಕೊಂಡು ಹಗರಿಬೊಮ್ಮನಹಳ್ಳಿಗೆ, ಚಿಗವ್ವನ ಮನೆಗೆ ಹೋಗಿದ್ದೆ. ಅವ್ವನ ಅವ್ವ ಹುಟ್ಟಿದ ಊರು ತುಂಗಭದ್ರಾ ಹಿನ್ನೀರಿನ ತಳದಲ್ಲಿದೆ. 1953ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಹತ್ತಾರು ಊರುಗಳಲ್ಲಿ ಅದೂ ಒಂದು. ಆ ಊರಿನದೊಂದು ಫೋಟೋ ನಮ್ಮ ಯಾರ ಮನೆಯಲ್ಲೂ ಇಲ್ಲ. ಅಜ್ಜಿ ಬಾಯಲ್ಲಿ ಹೇಳಿದ್ದಷ್ಟೇ: ಅಗಸಿ, ಬೇವಿನ ಗಿಡ, ಹನ್ನೊಂದು ಮೆಟ್ಟಿಲಿನ ಬಾವಿ. ಹಿಂದಿನ ವರ್ಷ ಮಳೆ ಕೈಕೊಟ್ಟು ನೀರು ಬಹಳ ಹಿಂದಕ್ಕೆ ಸರಿದಿತ್ತು. ತಂಬ್ರಹಳ್ಳಿ ಕಡೆ ಹೋಗಿ ದಂಡೆಯಲ್ಲಿ ನಿಂತೆವು. ಬಿರಿದ ಕೆಸರು, ಅಲ್ಲಲ್ಲಿ ಕಲ್ಲಿನ ಗುಂಪು, ದೂರದಲ್ಲಿ ಕುರಿ. ಚಿಗವ್ವ ‘ಅಲ್ಲಿ’ ಅಂದ್ಲು, ಅವ್ವ ‘ಅಲ್ಲಲ್ಲ, ಆ ಕಡಿ’ ಅಂದ್ಲು. ಇಬ್ಬರೂ ನೋಡಿಲ್ಲದ ಊರಿನ ಬಗ್ಗೆ ಇಬ್ಬರೂ ಜಗಳಕ್ಕೆ ನಿಂತರು. ಆಮೇಲೆ ಮಾತು ನಿಂತಿತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡ್ಲು. ಕ್ಯಾಮೆರಾ ನನ್ನ ಕುತ್ತಿಗೆಯಲ್ಲೇ ಇತ್ತು. ನಾನು ಎತ್ತಲಿಲ್ಲ.

ಐದು ನಿಮಿಷ ಆದ ಮೇಲೆ ಅವ್ವನೇ ಅಂದ್ಲು: ‘ಅದನ್ನೊಂದು ತಗಿ.’

‘ನಿಂದಾ?’

‘ನಂದ್ಯಾಕ? ಅದನ್ನ. ಆ ಜಾಗ.’

ತೆಗೆದೆ. ಕೆಸರು, ಕಲ್ಲು, ಬಿಳಿ ಆಕಾಶ. ಬೇರೆಯವರಿಗೆ ಏನೂ ಕಾಣದ ಫೋಟೋ. ಅವ್ವ ಸ್ಕ್ರೀನಿನ ಮೇಲೆ ಬೆರಳಿಟ್ಟು ಚಿಗವ್ವನಿಗೆ ಬಾವಿ ಎಲ್ಲಿತ್ತು ಅಂತ ತೋರಿಸ್ತಿದ್ಲು.

ಕಳೆದ ಸಲ ಹೊರಡೋ ದಿನ ಬೆಳಿಗ್ಗೆ ಅವ್ವ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಮುಂಬಾಗಿಲಲ್ಲಿ ಬಂದು ನಿಂತ್ಲು. ಎರಡೂ ಕೈ ನೆಟ್ಟಗೆ ಕೆಳಗೆ, ಗದ್ದ ಸ್ವಲ್ಪ ಮೇಲೆ. ‘ನಿನ್ನ ಮನಸ್ಸಿಗೆ ಬಂದಂಗ ಬೇಕಾದಷ್ಟು ತೆಗದಿ. ಈಗ ನಾ ಹೇಳಿದಂಗ ಒಂದು ತಗಿ.’ ನಾನು ನಗು ಅನ್ನಲಿಲ್ಲ, ಸಡಿಲಾಗು ಅನ್ನಲಿಲ್ಲ. ಅವಳು ಉಸಿರು ಬಿಗಿಹಿಡಿದಳು, ನಾನು ಒತ್ತಿದೆ.

ಬೆಂಗಳೂರಿನಲ್ಲಿ 38 ಫೋಟೋ ಪ್ರಿಂಟ್ ಹಾಕಿಸಿ ಕಳಿಸಿದೆ. ರೊಟ್ಟಿ, ಬೆಳ್ಳುಳ್ಳಿ, ಹಡಗಲಿಯ ಹೂವು, ಕೆಸರು, ಎಲ್ಲ. ಮೊನ್ನೆ ಅತ್ತಿಗೆ ಫೋನಿನಲ್ಲಿ ಹೇಳಿದ್ಲು, ಮನೆಗೆ ಬಂದವರಿಗೆಲ್ಲ ಅತ್ತಿ ತೋರ್ಸೋದು ಇಳಕಲ್ ಸೀರಿದು ಒಂದೇ, ಉಳಿದವು ಬೀರುವಿನಾಗ ಅದಾವು ಅಂತ. ‘ಆದ್ರ ರಾತ್ರಿ ಮಲಗೋ ಮುಂದ ಒಂದೊಂದಿನ ತೆಕ್ಕೊಂಡು ನೋಡ್ತಾರ. ಆ ಪುಟ್ಟಿ ತೆಗೆದಿದ್ದೈತಲ್ಲ, ಓರೆದು, ಅದನ್ನ.’